ಒಣಗದ ಗೆರೆ

ಇಳಕಲ್ಲ
೪ ನವೆಂಬರ್ ೧೯೮೩

ಮಾಮಾ ಅವರಿಗೆ,

ಆ ದಿನ ಅಚ್ಚು ಒಣಗಿರಲಿಲ್ಲ. ಅದು ನನಗೆ ಗೊತ್ತಿತ್ತು.

ಮೊದಲು ನಮಸ್ಕಾರ ಬರೆದು, ಮಳೆ ಬೆಳೆ ವಿಚಾರಿಸಿ, ಆಮೇಲೆ ಇದನ್ನು ಬರೆಯೋಣವೆಂದು ನಾಲ್ಕು ಸಲ ಇನ್‌ಲ್ಯಾಂಡ್ ಪತ್ರ ತಂದಿದ್ದೆ. ನಮಸ್ಕಾರ ಮುಗಿಯುವಷ್ಟರಲ್ಲಿ ಕೈ ನಿಲ್ಲುತ್ತಿತ್ತು. ಆ ನಾಲ್ಕೂ ಪತ್ರಗಳನ್ನು ಹರಿದು ಹಾಕಿದೆ. ಅದಕ್ಕೇ ಈ ಸಲ ಮೊದಲು ಇದನ್ನೇ ಬರೆದೆ.

ಮೂರು ವರ್ಷದ ಹಿಂದೆ, ಕಂಚಿನ ನಂದಿಯ ಮಣ್ಣಿನ ಅಚ್ಚನ್ನು ಮೂರು ದಿನ ಕುಳ್ಳಿನ ಬೆಂಕಿಯಲ್ಲಿ ಕಾಯಿಸಲು ನನಗೆ ಒಪ್ಪಿಸಿ ನೀವು ಗುಳೇದಗುಡ್ಡಕ್ಕೆ ಹೋಗಿದ್ದಿರಿ. ಮೊದಲ ದಿನ ಒಳಗಿನ ಮೇಣವೆಲ್ಲ ಕರಗಿ ಹರಿದು ಹೋಯಿತು. ಎರಡನೇ ದಿನ ಮಧ್ಯಾಹ್ನ ನಾನು ಸಿನೆಮಾಕ್ಕೆ ಹೋದೆ. ತಿರುಗಿ ಬಂದಾಗ ಮಳೆ ಹೊಡೆದು ಹೋಗಿತ್ತು. ಮೇಲೆ ಮುಚ್ಚಿದ್ದ ತಟ್ಟಿ ಸರಿದಿತ್ತು. ಬೆಂಕಿ ಆರಿತ್ತು. ಅಚ್ಚಿನ ಬಾಯಿಯಲ್ಲಿ ನೀರು ನಿಂತಿತ್ತು. ನಿಮಗೆ ಹೇಳಿದ್ದರೆ ನೀವು ಬೈದು, ಮತ್ತೆ ನಾಲ್ಕು ದಿನ ಕಾಯಿಸಲು ಕೂಡ್ರಿಸುತ್ತಿದ್ದಿರಿ. ಅಷ್ಟೇ ಆಗುತ್ತಿತ್ತು. ನಾನು ನೀರು ಚೆಲ್ಲಿ, ಮೂರನೇ ದಿನ ಬೆಳಗಿನಿಂದ ಕಟ್ಟಿಗೆ ಒಟ್ಟಿ ಜೋರು ಉರಿ ಹಚ್ಚಿದೆ. ಅಚ್ಚಿನ ಮೈ ಕಾಯಿತು. ಒಳಗೆ ಹಸಿ ಉಳಿಯಿತು.

ನೀವು ಬಂದು, ಯಾವಾಗಲೂ ಮಾಡುವಂತೆ ಅಚ್ಚಿನ ಹತ್ತಿರ ಕೆನ್ನೆ ಹಿಡಿದು ಕಾವು ನೋಡಿದಿರಿ.

"ಒಳಗೂ ಕಾದೈತೇನೋ ಅಂದಪ್ಪಾ?"

"ಕಾದೈತ್ರಿ ಮಾಮಾ."

ನೀವು ಎರಕ ಹೊಯ್ದಿರಿ. ಹಸಿ ಮುಟ್ಟಿದ ಕಂಚು ಸಿಡಿದು ತಿರುಗಿ ನಿಮ್ಮ ಮುಖಕ್ಕೆ ಬಂತು.

ಹುಬ್ಬಳ್ಳಿ ದವಾಖಾನೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿ, ಬಂದವರಿಗೆಲ್ಲ ನೀವು ಒಂದೇ ಮಾತು ಹೇಳುತ್ತಿದ್ದಿರಿ: "ನನ್ನ ಕೆನ್ನಿಗೆ ಕಾವು ತಿಳಿಯೂದು ಹೋತು. ವಯಸ್ಸಾತು." ನಾನು ಮಂಚದ ಬುಡದಲ್ಲಿ ಕೂತು ಕೇಳುತ್ತಿದ್ದೆ. ಅಂದಿನಿಂದ ನೀವು ಕುಲುಮೆ ಹಚ್ಚಿಲ್ಲ. ನಿಮ್ಮ ಕೆನ್ನೆ ಸರಿಯಾಗಿಯೇ ಇತ್ತು ಮಾಮಾ. ನಾನು ಅದಕ್ಕೆ ಮೋಸ ಮಾಡಿದೆ.

ನಾನು ಈಗ ಇಳಕಲ್ಲಿನಲ್ಲಿದ್ದೇನೆ. ಶಂಕ್ರಪ್ಪ ಸಾವಕಾರರ ಕಲ್ಲಿನ ಅಂಗಳದಲ್ಲಿ ಕೆಲಸ. ಇಲ್ಲಿ ಎಲ್ಲರೂ ಇಲ್ಲಿನ ಕೆಂಪು ಕಲ್ಲು ಕೊಯ್ಯುತ್ತಾರೆ. ನಜೀರಸಾಬ ಎಂಬ ಒಬ್ಬರು ಮಾತ್ರ ರಾಜಸ್ಥಾನದ ಕಡೆ ಹೋಗಿ ಅಮೃತಶಿಲೆಯ ಕೆಲಸ ಕಲಿತು ಬಂದಿದ್ದಾರೆ. ಅವರ ಕೈಕೆಳಗೆ ಸೇರಿದ್ದೇನೆ. ಕಲ್ಲಿಗೆ ಬೆಂಕಿ ಬೇಡ, ಕಲ್ಲು ಸಿಡಿಯುವುದಿಲ್ಲ ಎಂದುಕೊಂಡು ಇಲ್ಲಿಗೆ ಬಂದೆ. ಖರೆ ಕಾರಣ ಅದೇ.

ಕ್ಷಮಿಸಿರಿ ಎಂದು ಕೇಳಲು ಬರೆದದ್ದಲ್ಲ. ನಿಮಗೆ ತಿಳಿದಿರಲಿ ಎಂದು ಬರೆದೆ.

ನಿಮ್ಮ ತಂಗಿಯ ಮಗ
ಅಂದಪ್ಪ


ಬಾಗಲಕೋಟೆ
೯ ಜನವರಿ ೧೯೮೪

ಅಂದಪ್ಪಗ,

ನಿನ್ನ ಪತ್ರ ನವೆಂಬರದಾಗ ಮುಟ್ಟಿತು. ನಿಮ್ಮ ಅತ್ತಿ ಶಾರವ್ವ, ಯಾರ ಪತ್ರ ಅಂತ ಕೇಳಿದಳು. ಅಂದಪ್ಪಂದು, ಆರಾಮ ಅದಾನಂತ ಅಂದೆ. ಮತ್ತೇನು ಬರದಾನ ಅಂದಳು. ಮತ್ತೇನೂ ಇಲ್ಲ ಅಂದೆ.

ಇಲ್ಲಿ ಥಂಡಿ ಭಾಳ ಐತಿ. ಸರ್ವೆದವರು ಬಂದು ನಮ್ಮ ಓಣಿ ಗ್ವಾಡಿಗೆಲ್ಲ ನಂಬರ ಬರದು ಹೋದರು. ಡ್ಯಾಮಿನ ನೀರು ಇಲ್ಲೀತನಕ ಬರತೈತಂತ. ಯಾವಾಗ ಅಂತ ಕೇಳಿದರ ಅವರಿಗೂ ಗೊತ್ತಿಲ್ಲ. ಕುಲುಮಿ ಕಟ್ಟಿ ಮ್ಯಾಲ ನಿಮ್ಮ ಅತ್ತಿ ಮೆಣಸಿನಕಾಯಿ ಒಣಹಾಕ್ಯಾಳ.

ಅಮೃತಶಿಲೆ ಅಂತೀ. ಕಲ್ಲು ಎಷ್ಟು ದೊಡ್ಡದು, ಏನು ಕೆತ್ತಾಕ ಹತ್ತೀರಿ, ಬರಿ. ನಾವು ಮೇಣ ಹಚ್ಚಿ ಹಚ್ಚಿ ಬೆಳಸಾವರು. ಕಲ್ಲಿನವರು ತಗದು ತಗದು ಕಡಿಮಿ ಮಾಡಾವರು. ತಲಿಗೆ ಇದು ಲಗೂನ ತಿಳೀತೈತಿ, ಬೆರಳಿಗೆ ತಿಳಿಯೂದಿಲ್ಲ. ಬೆರಳ ಮ್ಯಾಲ ಧ್ಯಾಸ ಇರಲಿ.

ಇನ್ನ ಮುಂದ ಅಕ್ಷರ ದೊಡ್ಡಾಗಿ ಬರಿ. ಸಣ್ಣ ಅಕ್ಷರ ಓದಾಕ ತ್ರಾಸು ಆಗತೈತಿ.

ಅಮಾತೆಪ್ಪ


ಇಳಕಲ್ಲ
೨೦ ಜನವರಿ ೧೯೮೪

ಮಾಮಾ ಅವರಿಗೆ,

ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ಇನ್‌ಲ್ಯಾಂಡ್ ಸಾಲದೆಂದು ಲಕೋಟೆ ಮತ್ತು ಹಾಳೆ ತಂದಿದ್ದೇನೆ.

ನನ್ನ ಮೊದಲ ಪತ್ರದ ಬಗ್ಗೆ ನೀವು ಒಂದಕ್ಷರವೂ ಬರೆದಿಲ್ಲ. ನಾನೂ ಕೇಳುವುದಿಲ್ಲ. ಕಲ್ಲಿನ ವಿಷಯ ಕೇಳಿದ್ದೀರಿ, ಅದನ್ನೇ ಬರೆಯುತ್ತೇನೆ.

ಕಲ್ಲು ಲಾರಿಯಲ್ಲಿ ಒಂಬತ್ತು ದಿನ ಪ್ರಯಾಣ ಮಾಡಿ ಬಂತು. ತಾಡಪತ್ರಿ ಸರಿಸಿದಾಗ ಅಂಗಳದಲ್ಲಿದ್ದವರೆಲ್ಲ ಕೆಲಸ ಬಿಟ್ಟು ಬಂದು ನಿಂತರು. ಗಡಿಗೆಯಿಂದ ಬೋರಲು ಹಾಕಿದ ಗಟ್ಟಿ ಮೊಸರಿನಂತಿತ್ತು. ನಜೀರಸಾಬ, "ಕೈ ತೊಳಕೊಂಡು ಮುಟ್ರಲೇ, ನಿಮ್ಮ ಕೆಂಪು ಧೂಳಿ ಅದಕ್ಕ ಹತ್ತೀತು" ಎಂದು ಎಲ್ಲರನ್ನೂ ದೂರ ಸರಿಸಿದರು.

ನೀವು ಬೆರಳಿನ ಬಗ್ಗೆ ಬರೆದದ್ದು ಸರಿ. ಮೊದಲು ಒಂದು ಒಡಕು ಚೂರಿನಲ್ಲಿ ಕೈಯ ಹೆಬ್ಬೆರಳು ಕೆತ್ತಲು ಕೊಟ್ಟರು. ಉಳಿ ಒಂದು ಏಟು ಹೆಚ್ಚು ಇಳಿಯಿತು. ನನಗೆ ಗೊತ್ತಿಲ್ಲದಂತೆ ನನ್ನ ಎಡಗೈ ಪಕ್ಕದಲ್ಲಿ ಏನನ್ನೋ ತಡಕಾಡಿತು. ನಜೀರಸಾಬ ನೋಡಿ ಬಿದ್ದು ಬಿದ್ದು ನಕ್ಕರು.

"ಲೇ ಕಂಚಪ್ಪಾ, ಏನು ಹುಡುಕಾಕತ್ತೀಯೋ? ಮೇಣಾನ? ಇಲ್ಲಿ ಹೋದದ್ದು ಹೋತು."

ಅಂದಿನಿಂದ ಅಂಗಳದಲ್ಲಿ ನನ್ನ ಹೆಸರು ಕಂಚಪ್ಪ.

ಕೆತ್ತುವುದು ಸಾವಕಾರರ ತಾಯಿ ಇಂದ್ರಾಬಾಯಿಯವರ ಮೂರ್ತಿ. ಅವರು ಹೋದ ವರ್ಷ ತೀರಿಕೊಂಡರು. ಅವರ ತವರು ಹುನಗುಂದ. ಅಲ್ಲಿ ಸಾವಕಾರರು ತಾಯಿಯ ಹೆಸರಿನಲ್ಲಿ ಹೆಣ್ಣುಮಕ್ಕಳ ಸಾಲೆ ಕಟ್ಟಿಸಿದ್ದಾರೆ. ಮೂರ್ತಿ ಸಾಲೆಯ ಬಾಗಿಲಲ್ಲೇ ನಿಲ್ಲಬೇಕು. ಆಕೆ ಬದುಕಿದ್ದಾಗ ಮನೆಯ ಬಾಗಿಲಲ್ಲಿ ನಿಂತು, ಸಾಲೆಗೆ ಹೋಗುವ ಹುಡುಗಿಯರಿಗೆ ಕೈ ಚಾಚಿ ಬೆಲ್ಲ ಶೇಂಗಾ ಕೊಡುತ್ತಿದ್ದರಂತೆ.

ನಜೀರಸಾಬ ಮಣ್ಣಿನಲ್ಲಿ ಮಾದರಿ ಮಾಡಿದರು. ಕೈ ಎದೆಯ ಹತ್ತಿರ, ಕೈಯ ಕೆಳಗೆ ಸೆರಗು ಪದರ ಪದರವಾಗಿ ಪಾದದವರೆಗೆ ಇಳಿದಿತ್ತು. ಸಾವಕಾರರಿಗೆ ಮನಸ್ಸಿಗೆ ಬರಲಿಲ್ಲ. "ನಮ್ಮವ್ವ ಇಷ್ಟು ಬಿಗಿಹಿಡಿದು ಕೊಟ್ಟಾಕಿ ಅಲ್ರಿ" ಎಂದರು.

ಎರಡು ದಿನದಲ್ಲಿ ನಾನೊಂದು ಮಾದರಿ ಮಾಡಿದೆ. ಬಲಗೈ ಪೂರ್ತಿ ಚಾಚಿದ್ದು. ಕೆಳಗೆ ಏನೂ ಇಲ್ಲ, ಬರೀ ಗಾಳಿ. ನಾವು ದೀಪ ಹಿಡಿದ ಹೆಣ್ಣಿನ ಎರಕ ಹೊಯ್ಯುತ್ತಿದ್ದೆವಲ್ಲ, ಹಾಗೆ. ಸಾವಕಾರರು ಅದರ ಸುತ್ತ ಒಂದು ಸಲ ತಿರುಗಿದರು. ಆಮೇಲೆ ಟೊಪಗಿ ತೆಗೆದು ಕೈಯಲ್ಲಿ ಹಿಡಿದು, "ಇದು ನಮ್ಮವ್ವ" ಎಂದರು.

ನಜೀರಸಾಬ ಹೇಳಿದರು: "ಸಾವಕಾರ್ರ, ಕಂಚಿನಾಗ ಇದು ಆಗತೈತಿ. ಕಲ್ಲಿನಾಗ ಕೈ ಕೆಳಗ ಸೆರಗರೆ ಬಿಡಬೇಕ್ರಿ. ಇಲ್ಲಂದರ ಕಲ್ಲು ತಡಿಯೂದಿಲ್ಲ."

ಆಗ ನಾನು ಅಂದದ್ದನ್ನು ನಿಮಗೆ ಬರೆಯಲೇಬೇಕು. "ನಜೀರಸಾಬರಿಗೆ ಗೋರಿ ಕಲ್ಲು ಕೆತ್ತಿ ರೂಢಿ ಐತ್ರಿ, ಮಲಗಿದ್ದು ಬಿಟ್ಟು ನಿಂತದ್ದು ಕೆತ್ತಾಕ ಅಂಜತಾರ" ಎಂದೆ. ಎಲ್ಲರೂ ನಕ್ಕರು. ಸಾವಕಾರರೂ ನಕ್ಕರು. ನಜೀರಸಾಬ ನಗಲಿಲ್ಲ. ನನ್ನ ಮಾದರಿಯೇ ನಿಂತಿತು.

ಅಂದಪ್ಪ


ಬಾಗಲಕೋಟೆ
೧೨ ಫೆಬ್ರುವರಿ ೧೯೮೪

ಅಂದಪ್ಪಗ,

ನಜೀರಸಾಬರ ಕಾಲು ಹಿಡಿ. ಆಮ್ಯಾಲೆ ಕೈ ಕೆಳಗ ಸೆರಗಿನ ಕಲ್ಲು ಉಳಿಸು.

ಕಂಚಿನ ಕೈ ಒಳಗ ಪೊಳ್ಳು ಇರತೈತಿ. ಹಗರ. ಜಗ್ಗಿದರ ಬಾಗತೈತಿ, ಬಾಗಿದ್ದು ಕಣ್ಣಿಗೆ ಕಾಣತೈತಿ. ಕಲ್ಲು ಬಾಗೂದಿಲ್ಲ. ಒಡಿಯೂ ದಿನದ ಮಟ ಗಪ್ಪ ಇರತೈತಿ. ನಾ ಬಾದಾಮಿ ಗುಡ್ಡದಾಗ ಸಣ್ಣಾವ ಇದ್ದಾಗಿಂದ ಕಲ್ಲಿನ ಮೂರ್ತಿ ನೋಡೇನಿ. ಮೈ ಬಿಟ್ಟು ಹೊರಗ ಚಾಚಿದ ಕೈ ಎಷ್ಟು ಉಳದಾವ ನೀನ ಹೋಗಿ ಎಣಿಸು.

ಇನ್ನೂ ಆ ಕಡಿ ಕಲ್ಲು ತಗದಿಲ್ಲ ಅಂದರ ಹಂಗ ಬಿಡು. ನಾಚಿಕಿ ಆದರೂ ಆಗಲಿ.

ನಿಮ್ಮ ಅತ್ತಿ ನಿನ್ನ ಹಳೇ ಪತ್ರ ಎಲ್ಲಿ ಇಟ್ಟೀರಿ ಅಂತ ಕೇಳಿದಳು. ಕಳದೈತಿ ಅಂದೇನಿ.

ಅಮಾತೆಪ್ಪ


ಇಳಕಲ್ಲ
೧೫ ಏಪ್ರಿಲ್ ೧೯೮೪

ಮಾಮಾ ಅವರಿಗೆ,

ಎರಡು ತಿಂಗಳು ಬರೆಯಲಿಲ್ಲ. ಬರೆಯಲು ಸಮಯವಿತ್ತು, ಮುಖವಿರಲಿಲ್ಲ.

ನಿಮ್ಮ ಪತ್ರ ಬಂದಾಗ ಕೈಯ ಕೆಳಗಿನ ಕಲ್ಲು ಹಾಗೆಯೇ ಇತ್ತು. ಸೆರಗು ಬಿಡಲು ಬೇಕಾದಷ್ಟು ಕಲ್ಲು. ಪತ್ರ ಓದಿ ಜೇಬಿನಲ್ಲಿಟ್ಟುಕೊಂಡು, ಅದೇ ವಾರ ಆ ಕಲ್ಲನ್ನು ನಾನೇ ತೆಗೆದೆ. ಮಾಮಾ ಬಾಗಲಕೋಟೆಯಲ್ಲಿ ಕೂತು ಈ ಕಲ್ಲನ್ನು ಹೇಗೆ ಬಲ್ಲರು ಎಂದುಕೊಂಡೆ. ಸಾವಕಾರರು ದಿನಾ ಸಂಜೆ ಬಂದು, "ಶಾಬಾಸ್, ಏಳನೇ ಇಯತ್ತೆ ಕಲಿತಾವ ಇಂಜಿನೀಯರಗ ಕಲಿಸತಾನ" ಎನ್ನುತ್ತಿದ್ದರು. ಅದು ಕಿವಿಗೆ ರುಚಿಯಾಗಿತ್ತು.

ಇಲ್ಲಿ ಒಂದು ಪದ್ಧತಿಯಿದೆ. ಉಳಿಯ ಕೆಲಸ ಮುಗಿದ ಮೇಲೆ ನಜೀರಸಾಬ ಮೂರ್ತಿಯ ಮೇಲೆ ತಲೆಯಿಂದ ಎರಡು ಕೊಡ ನೀರು ಸುರಿದು, ಎದುರಿಗೆ ಕೂತು ಬೀಡಿ ಹಚ್ಚುತ್ತಾರೆ. ನೀರು ಒಣಗುವುದನ್ನು ನೋಡುತ್ತಾರೆ. ಬಿಸಿಲಿಗೆ ಬೀಡಿ ಮುಗಿಯುವುದರೊಳಗೆ ಎಲ್ಲ ಒಣಗಬೇಕು. ಒಳಗೆ ಬಿರುಕು ಇದ್ದರೆ ಅಲ್ಲಿ ನೀರು ಕೂಡುತ್ತದೆ, ಅಷ್ಟು ಜಾಗ ಮಾತ್ರ ಒಣಗುವುದಿಲ್ಲ.

ಕಳೆದ ಸೋಮವಾರ ಸುರಿದರು. ಮುಖ ಒಣಗಿತು, ಹೆಗಲು ಒಣಗಿತು, ಸೀರೆಯ ನಿರಿಗೆ ಒಣಗಿತು. ಬಲಗೈಯಲ್ಲಿ, ಮೊಣಕೈಯ ಮೇಲೆ, ಕೂದಲೆಳೆಯಷ್ಟು ಒಂದು ಗೆರೆ ಉಳಿಯಿತು. ಅವರು ಎರಡನೇ ಬೀಡಿ ಹಚ್ಚಿದರು. ಗೆರೆ ಹಾಗೇ ಇತ್ತು. ಮೂರನೆಯದು ಹಚ್ಚಲಿಲ್ಲ.

"ನೀ ನೋಡಿದೇನು?" ಎಂದರು.

"ನೋಡಿದೆ."

"ನಾ ನೋಡಿಲ್ಲ. ನನಗ ಮೂರು ಹೆಣ್ಣುಮಕ್ಕಳು ಮದುವಿಗೆ ಬಂದಾವ" ಎಂದು ಎದ್ದು ಹೋದರು. ಅವರನ್ನು ನಾನು ಎಲ್ಲರ ಮುಂದೆ ನಗೆಪಾಟಲು ಮಾಡಿದವನು. ಅವರಿಗೆ ಏನೆಂದು ಹೇಳಲಿ?

ಆಮೇಲೆ ನಾನು ಮಾಡಿದ್ದನ್ನು ಬರೆಯುತ್ತೇನೆ. ನಮ್ಮ ಎರಕದಲ್ಲಿ ತೂತು ಉಳಿದರೆ ಏನು ಮಾಡುತ್ತೇವೆ? ಕೊರೆದು, ಅದೇ ಕಂಚಿನ ಮೊಳೆ ಕೂಡ್ರಿಸಿ, ಬಡಿದು, ಅರ ಹಾಕಿ ನುಣುಪು ಮಾಡುತ್ತೇವೆ. ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ಅದೂ ಕೆಲಸವೇ. ನನ್ನ ಕೈ ಅದನ್ನೇ ಮಾಡಿತು. ಅರಗು ಕರಗಿಸಿ, ಕಲ್ಲಿನ ಹಿಟ್ಟು ಕಲಸಿ, ಗೆರೆಗೆ ತುಂಬಿ, ಒಣಗಿದ ಮೇಲೆ ತಿಕ್ಕಿದೆ. ಹುಡುಕಿದರೂ ಸಿಗದಂತಾಯಿತು. ಸಾವಕಾರರು ಬಂದು ಆ ಕೈಯನ್ನು ಸವರಿ, "ಹಾಲು ಹಂಗ ಆಗೈತಿ" ಎಂದರು. ನಾನು ಅರಗಿನ ಬಟ್ಟಲನ್ನು ಕಾಲಿನಿಂದ ಹಿಂದಕ್ಕೆ ಸರಿಸಿದೆ.

ನಿನ್ನೆ ಯಾರೂ ಇಲ್ಲದಾಗ ಮತ್ತೆ ನೀರು ಸುರಿದೆ. ಅರಗಿನ ಪಕ್ಕದಲ್ಲೇ ಗೆರೆ ಬಂತು. ಮೊದಲಿಗಿಂತ ಎರಡು ಬೆರಳು ಉದ್ದ. ಮೂರ್ತಿಯ ಎಡಗೈಯನ್ನು ಉಳಿಯ ಹಿಡಿಯಿಂದ ಬಡಿದೆ, ಕಂಚಿನಂತೆ ದನಿ ಕೊಟ್ಟಿತು. ಬಲಗೈಯನ್ನು ಬಡಿದೆ. ಹಸಿ ಮಣ್ಣಿನ ಗಡಿಗೆ ಬಡಿದಂತಾಯಿತು.

ಒಳಗೆ ಹಸಿಯಿಟ್ಟು ಮೈ ಒಣಗಿಸುವುದು ನನಗೆ ಇದು ಎರಡನೇ ಸಲ.

ಅಂದಪ್ಪ


(ಕಾರ್ಡು)
ಬಾಗಲಕೋಟೆ
೧೯ ಏಪ್ರಿಲ್ ೧೯೮೪

ಪತ್ರ ಮುಟ್ಟಿತು. ಸಾವಕಾರಗ ಹೇಳು. ಈ ಸಲ ತಡಾ ಮಾಡಬ್ಯಾಡ.

ಅಮಾತೆಪ್ಪ


ಇಳಕಲ್ಲ
೨೨ ಮೇ ೧೯೮೪

ಮಾಮಾ ಅವರಿಗೆ,

ನಿಮ್ಮ ಕಾರ್ಡು ಮುಟ್ಟಿದ ದಿನವೇ ಹೇಳಿದೆ. ಸಾವಕಾರರು ಹೊರಗೆ ಜೀಪು ಹತ್ತುತ್ತಿದ್ದರು. ಅಂಗಳಕ್ಕೆ ಕರೆತಂದು ನೀರು ಸುರಿದು ತೋರಿಸಿದೆ. ಅರಗು ತುಂಬಿದ್ದು ನಾನೇ ಎಂದೂ, ಸೆರಗು ಬೇಡವೆಂದದ್ದು ನಾನೇ ಎಂದೂ ಹೇಳಿದೆ.

ಅವರು ಗೆರೆಯನ್ನು ಬಹಳ ಹೊತ್ತು ನೋಡಿದರು. ಅವರಿಗೆ ಕಾಣಲಿಲ್ಲ ಎಂದು ನಾನು ಬರೆಯಲಾರೆ. ಕಂಡಿತು.

"ಇದು ಯಾರ‍್ಯಾರಿಗೆ ಗೊತ್ತೈತಿ?"

"ನನಗ, ನಿಮಗ. ನಮ್ಮ ಮಾಮಾಗ." ನಜೀರಸಾಬರ ಹೆಸರು ಬಿಟ್ಟೆ. ಆ ದಿನ ಅವರಿಗೆ ಹೇಳದೆ ಉಳಿಸಿಕೊಂಡದ್ದು ಅದೊಂದೇ.

"ಈಗೇನು ಮಾಡಂತೀ?"

"ಕೈ ತಗೀಬೇಕ್ರಿ. ಇಲ್ಲಾ ಕೆಳಗ ಕಲ್ಲಿನ ಕಂಬ ಕೊಡಬೇಕು."

"ನಮ್ಮವ್ವಗ ಊರಗೋಲು ಕೊಡಂತೀ? ಕೈ ಕಡಿ ಅಂತೀ? ಭಿನ್ನ ಆದ ಮೂರ್ತಿ ಮನಿತನಕ್ಕ ಒಳ್ಳೇದಲ್ಲ, ಗೊತ್ತೈತೇನಲೇ? ಒಡದದ್ದು ಕಂಚಿಂದಾದರ ನಿಮ್ಮಂಥಾವ್ರು ಕರಗಿಸಿ ಮತ್ತ ಹೊಯ್ಯತೀರಿ. ಕಲ್ಲಿಂದಾದರ ಹೊಳಿಗೆ ಹಾಕತಾರ. ನಮ್ಮವ್ವನ್ನ ಹೊಳಿಗೆ ಹಾಕಲೇನು?"

ನಾನು ಸುಮ್ಮನಾಗಲಿಲ್ಲ. "ಕೆಳಗ ಹುಡುಗ್ಯಾರು ನಿಂದರತಾರ್ರಿ" ಎಂದೆ. ಅವರ ದನಿ ಒಮ್ಮೆಲೆ ಮೆತ್ತಗಾಯಿತು. ಅವರು ಬೈದಿದ್ದರೆ ನನಗೆ ಇಷ್ಟು ಅಂಜಿಕೆಯಾಗುತ್ತಿರಲಿಲ್ಲ. ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ಮಾಮಾ ಎರಕದಾವ ಅಲ್ಲೇನು? ಭಾಳ ದಿನದಿಂದ ಕೆಲಸ ಇಲ್ಲಂತ ಕೇಳೇನಿ. ಸಾಲಿಗೆ ಒಂದು ಗಂಟಿ ಬೇಕು. ದೊಡ್ಡದು, ಹನ್ನೆರಡು ಕಿಲೋದ್ದು. ಅವರೇ ಮಾಡಲಿ. ಮೂರ್ತಿ ಹುನಗುಂದ ಮುಟ್ಟಿದ ಮ್ಯಾಲ ಆಳು ಕಳಸತೇನಿ" ಎಂದರು. ಆಮೇಲೆ ಹೋಗುತ್ತ ಹೋಗುತ್ತ ಹೇಳಿದರು: "ಗಂಟಿ ನಮ್ಮವ್ವನ ಆ ಕೈಯಾಗ ತೂಗಬಿಡಬೇಕು. ದಿನಾ ಹುಡುಗ್ಯಾರು ಆಕಿ ಕೈ ಕೆಳಗ ನಿಂತು ಗಂಟಿ ಬಾರಿಸಿ ಒಳಗ ಹೋಗಬೇಕು."

ಮೂರ್ತಿ ಹುನಗುಂದಕ್ಕೆ ಹೋಗಿದೆ. ಚೈನು ಕಟ್ಟಿ ಇಳಿಸುವಾಗ ನಾನು ಬಲಗೈಯ ಕೆಳಗೆ ಹೆಗಲು ಕೊಟ್ಟು ನಿಂತಿದ್ದೆ. ಒಳಗಿನಿಂದ ಒಂದು ಸಣ್ಣ ಸಪ್ಪಳ ಬಂತು. ಉಳಿದವರಿಗೆ ಕೇಳಲಿಲ್ಲ. ಕಟ್ಟೆ ಗಿಡ್ಡದು. ಚಾಚಿದ ಕೈ ದೊಡ್ಡ ಹುಡುಗಿಯರ ತಲೆಯ ಮೇಲೆ ಎರಡು ಗೇಣು ಎತ್ತರಕ್ಕೆ ಬರುತ್ತದೆ. ಜೂನ್ ಹನ್ನೊಂದು, ಸೋಮವಾರ ಸಾಲೆ ಶುರು.

ನನ್ನನ್ನು ಕೆಲಸದಿಂದ ಬಿಡಿಸಿದ್ದಾರೆ. ನಜೀರಸಾಬ ತಮ್ಮ ಮನೆಯ ಮೂಲೆಯಲ್ಲಿ ಮಲಗಲು ಜಾಗ ಕೊಟ್ಟಿದ್ದಾರೆ. ಸಾವಕಾರರ ಆಳು ನಿಮ್ಮಲ್ಲಿಗೆ ಬಂದಿರಬೇಕು. ಮೂರು ವರ್ಷದ ಮೇಲೆ ನಿಮಗೆ ಬಂದ ಮೊದಲ ಕೆಲಸ ಇದು, ಮತ್ತು ಇದು ಬಂದದ್ದು ಹೀಗೆ.

ಅಂದಪ್ಪ


ಬಾಗಲಕೋಟೆ
೩೦ ಮೇ ೧೯೮೪

ಅಂದಪ್ಪಗ,

ಆಳು ಬಂದಿದ್ದ. ನಿನ್ನ ಪತ್ರಕ್ಕಿಂತ ಒಂದು ದಿನ ಮೊದಲ ಬಂದ. ಸಾಲಿ ಗಂಟಿ ಅಂದ. ಎಲ್ಲಿ ತೂಗಬಿಡತಾರ ಅಂತ ಹೇಳಲಿಲ್ಲ. ನಿಮ್ಮ ಅತ್ತಿ ಅವಗ ಚಹಾ ಕೊಟ್ಟು, ಅವ ಇನ್ನೂ ಕುಂತಾಗನ ಕುಲುಮಿ ಮ್ಯಾಲಿನ ಮೆಣಸಿನಕಾಯಿ ತಗದಳು. ನಾ ಒಲ್ಲೆ ಅನ್ನಲಿಲ್ಲ. ಖರೆ ಹೇಳತೇನಿ, ಆ ದಿನ ನಾನೂ ಮೇಣ ಎಷ್ಟು ಉಳದೈತಿ ಅಂತ ತಗದು ನೋಡಿದೆ.

ಮರುದಿನ ನಿನ್ನ ಪತ್ರ ಬಂತು. ಗಂಟಿ ಮಾಡೂದಿಲ್ಲ ಅಂತ ಹೇಳಿ ಕಳಿಸಿದೆ. ನಿಮ್ಮ ಅತ್ತಿ ಯಾಕ ಅಂದಳು. ಆಗ ಎಲ್ಲಾ ಪತ್ರ ತಗದು ಆಕಿ ಮುಂದ ಓದಿದೆ, ಮೊದಲಿಂದು ಸೈತ. ಆಕಿ ಎದ್ದು ಮೆಣಸಿನಕಾಯಿ ತಿರುಗಿ ಕುಲುಮಿ ಮ್ಯಾಲ ಹರವಿದಳು.

ಮೊದಲ ಪತ್ರದ ಮಾತು ನೀ ಕೇಳೂದಿಲ್ಲ ಅಂದಿದ್ದಿ, ಕೇಳಲೂ ಇಲ್ಲ. ಅದಕ್ಕ ಹೇಳತೇನಿ. ಒಂದು ಕಣ್ಣು ಹೋದದ್ದು ಹೋತು, ಇನ್ನೊಂದು ಐತಿ. ಮೂರು ವರ್ಷ ನನ್ನ ಕೆನ್ನಿ ಸುಳ್ಳು ಅಂತ ತಿಳದು ಕುಂತೆ. ಬಂದ ಕೆಲಸ ತಿರುಗಿ ಕಳಿಸಿದೆ. ರೊಟ್ಟಿ ಸುಡೂ ಹಂಚಿನ ಮುಂದ ಹೋಗಿ ಕೆನ್ನಿ ಹಿಡದು, ಇದು ಎಷ್ಟು ಕಾದೈತಿ ಅಂತ ನನಗ ನಾನ ಪರೀಕ್ಷಾ ಮಾಡಿಕೊಂಡೇನಿ. ಅದು ನಿನಗ ಗೊತ್ತಿಲ್ಲ. ನಿನ್ನ ಮ್ಯಾಲ ಸಿಟ್ಟು ಹೋಗಿಲ್ಲ. ಹೋಗತೈತಿ ಅಂತ ನಾ ಬರಿಯೂದಿಲ್ಲ.

ಆದರ ಸಿಟ್ಟು ಬ್ಯಾರೆ, ಆ ಕೈ ಬ್ಯಾರೆ. ಅದರ ಕೆಳಗ ಯಾರೂ ನಿಂದರಬಾರದು. ಏನು ಮಾಡಬೇಕು ಅಂತ ನಾ ಇಲ್ಲಿ ಕುಂತು ಹೇಳಾಕ ಬರೂದಿಲ್ಲ. ಕಲ್ಲು ನೋಡಿದಾವ ನೀ.

ಅಮಾತೆಪ್ಪ


ಇಳಕಲ್ಲ
೯ ಜೂನ್ ೧೯೮೪

ಮಾಮಾ ಅವರಿಗೆ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಹಂಚಿನ ಮಾತು ನನಗೆ ಗೊತ್ತಿರಲಿಲ್ಲ.

ನಿನ್ನೆ ಹುನಗುಂದಕ್ಕೆ ಹೋಗಿದ್ದೆ. ಸಾಲೆಯ ಹೆಡ್‌ಮಿಸ್ಟ್ರೆಸ್ ನೀಲಾಬಾಯಿ ಅಕ್ಕೋರು ಒಬ್ಬರೇ ಇದ್ದರು. ನಾನು ಯಾರೆಂದು ಹೇಳಿ, ಒಂದು ಕೊಡ ನೀರು ಕೇಳಿದೆ. ಸುರಿದು, ಇಬ್ಬರೂ ಮೆಟ್ಟಿಲ ಮೇಲೆ ಕೂತು ನೋಡಿದೆವು. ಎಲ್ಲ ಒಣಗಿದ ಮೇಲೆ ಗೆರೆ ಉಳಿಯಿತು. ಈಗ ಅದು ಕೈಯನ್ನು ಬಳೆಯಂತೆ ಸುತ್ತಿದೆ. ಕೆಳಭಾಗದಲ್ಲಿ ಮಾತ್ರ ನಾಲ್ಕು ಬೆರಳಷ್ಟು ಗಟ್ಟಿ ಉಳಿದಿದೆ.

ಅಕ್ಕೋರು ಎದ್ದು ಹೋಗಿ ಬೆರಳಿನಿಂದ ಮುಟ್ಟಿ ನೋಡಿದರು. "ತಮ್ಮಾ, ಇದು ಗೆರಿ ಅಲ್ಲೋ, ಬಾಯಿ ಬಿಟ್ಟೈತಿ" ಎಂದರು. ಹುಡುಗಿಯರನ್ನು ಹಿಂದಿನ ಬಾಗಿಲಿನಿಂದ ಕರೆದುಕೊಳ್ಳುತ್ತೇನೆ ಎಂದರು. ನಾವು ಮಾತಾಡುತ್ತಿರುವಾಗಲೇ ಸಾವಕಾರರ ಜೀಪು ಬಂತು. ನಾನು ಬೇಲಿಯ ಆಚೆ ಸರಿದು ನಿಂತೆ.

ಗಂಟೆಯನ್ನು ಹುಬ್ಬಳ್ಳಿಯಿಂದ ತರಿಸಿದ್ದಾರೆ. ಆಳುಗಳು ಏಣಿ ಇಟ್ಟು ಅದನ್ನು ಆ ಕೈಗೆ ಕಟ್ಟಿ ತೂಗಬಿಟ್ಟರು. ಫೋಟೋದವನೂ ಬಂದಿದ್ದ. ಮೆಟ್ಟಿಲಿನಿಂದ ಗಂಟೆಯ ಕೆಳಗಿನವರೆಗೆ ಸುಣ್ಣದಿಂದ ಗುಂಡಗೆ ಗುರುತು ಹಾಕಿದರು, ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಎಲ್ಲಿ ನಿಲ್ಲಬೇಕೆಂದು. ನಲವತ್ತೆರಡು ಗುರುತುಗಳು. ಮೊದಲ ಗುರುತು ಕೈಯ ನೆಟ್ಟಗೆ ಕೆಳಗೆ. ಅಲ್ಲಿ ಬಾಲವಾಡಿಯ ಸಣ್ಣ ಹುಡುಗಿ ನಿಲ್ಲಬೇಕಂತೆ. ಅಕ್ಕೋರು ಏನೋ ಹೇಳಲು ಹೋದರು. "ಅಕ್ಕೋರ, ನಿಮ್ಮನ್ನ ಯಾರ ನೇಮಿಸ್ಯಾರ ನೆನಪೈತಿಲ್ಲ?" ಎಂದು ಸಾವಕಾರರು ನಗುತ್ತಲೇ ಕೇಳಿದರು. ಹಿಂದಿನ ಬಾಗಿಲಿಗೆ ಕೀಲಿ ಹಾಕಿಸಿ, ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡು ಹೋದರು.

ಪರೀಕ್ಷೆಗೆಂದು ಒಂದು ಸಲ ಗಂಟೆ ಬಾರಿಸಿದ್ದರು. ಅದರ ನಾದ ಕೆಟ್ಟದಿರಲಿಲ್ಲ. ಆದರೆ ನಾದ ನಿಂತ ಮೇಲೂ ಆ ಕೈ ಸಣ್ಣಗೆ ನಡುಗುತ್ತಿತ್ತು.

ಪೊಲೀಸ್ ಠಾಣೆಗೂ ಹೋದೆ. ಫೌಜದಾರ ಇರಲಿಲ್ಲ. ಕೂತಿದ್ದ ಪೊಲೀಸಪ್ಪ ಎಲ್ಲ ಕೇಳಿ, "ಬಿದ್ದ ಮ್ಯಾಲ ಬಾ. ಬೀಳೂಕಿಂತ ಮೊದಲ ಏನಂತ ಬರಕೊಳ್ಳಲಿ?" ಎಂದ.

ರಾತ್ರಿ ಬಸ್ಸಿಲ್ಲದೆ ಲಾರಿ ಹತ್ತಿ ತಿರುಗಿ ಬಂದು ಇವತ್ತು ಮುಂಜಾನೆ ನಜೀರಸಾಬರಿಗೆ ಎಲ್ಲ ಹೇಳಿ, ಆ ಕೈಯನ್ನು ನಾನೇ ತೆಗೆಯುತ್ತೇನೆ ಎಂದೆ. ಗೋರಿ ಕಲ್ಲಿನ ಮಾತಿಗೆ ಅವರ ಕಾಲನ್ನೂ ಹಿಡಿದೆ. ನೀವು ಹೇಳಿ ನಾಲ್ಕು ತಿಂಗಳಾಗಿತ್ತು. ಅವರು ಕಾಲು ಹಿಂದಕ್ಕೆಳೆದುಕೊಂಡು, "ಏಳಲೇ, ಕೆಲಸ ಕಲಿಯೂ ಮುಂಚೆ ಕಾಲು ಹಿಡಿಯೂದು ಕಲತಿ" ಎಂದು ಬೈದರು. ಆಮೇಲೆ ಕೇಳಿದರು:

"ಕೈ ಹೆಂಗ ತಗೀತಿ?"

"ಕೆಳಗಿಂದ ಹೊಡೀತೇನಿ."

"ಹುಚ್ಚ. ಹಂಗ ಹೊಡದರ ಹೆಗಲು ಸೈತ ಬರತೈತಿ, ನಿನ್ನ ತಲಿ ಮ್ಯಾಲನ ಬರತೈತಿ. ಮೊದಲ ಗಂಟಿ ಬಿಚ್ಚು. ಕೈಗೆ ಹಗ್ಗ ಹಾಕಿ ಮ್ಯಾಲ ಬಾಗಿಲದ ಚೌಕಟ್ಟಿಗೆ ಬಿಗಿ. ಆಮ್ಯಾಲೆ ಗೆರಿ ಮ್ಯಾಲ ಸಣ್ಣ ಉಳಿ ಇಟ್ಟು ಮೂರು ಏಟು. ನಾಲ್ಕನೇದು ಬೇಕಾಗೂದಿಲ್ಲ."

ತಮ್ಮ ಸುತ್ತಿಗೆ ಮತ್ತು ಸಣ್ಣ ಉಳಿಯನ್ನು ಗೋಣಿಯಲ್ಲಿ ಸುತ್ತಿ ನನ್ನ ಮುಂದಿಟ್ಟರು. ತಾವು ಬರುವುದಿಲ್ಲ ಎಂದರು. ನಾನೂ ಕರೆಯಲಿಲ್ಲ.

ನಾಳೆ ರವಿವಾರ. ಸಾಲೆಯಲ್ಲಿ ವಾಚಮನ್ ಒಬ್ಬನೇ ಇರುತ್ತಾನೆ. ಕದ್ದು ಮಾಡುವುದಿಲ್ಲ. ಮೊದಲು ಅವನಿಗೆ ಹೇಳುತ್ತೇನೆ, ಕೆಲಸ ಮುಗಿದ ಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಸಾವಕಾರರ ಆಳುಗಳು ಬರಬಹುದು, ಪೊಲೀಸರು ಬರಬಹುದು. ಆಳುಗಳೇ ಮೊದಲು ಬರುತ್ತಾರೆ ಎಂದು ನಜೀರಸಾಬ ಹೇಳಿದರು. ಯಾರು ಕೇಳಿದರೂ ನನ್ನ ಹೆಸರು, ನಿಮ್ಮ ಹೆಸರು, ನಮ್ಮ ಊರು ಸರಿಯಾಗಿ ಹೇಳುತ್ತೇನೆ. ಬಹಳ ದಿನ ನನ್ನಿಂದ ಪತ್ರ ಬರದಿದ್ದರೆ ಹುನಗುಂದ ಠಾಣೆಯಲ್ಲಿ ವಿಚಾರಿಸಿರಿ. ಅತ್ತಿಯವರಿಗೆ ಇದನ್ನು ಓದಿ ಹೇಳಿರಿ. ಮುಚ್ಚಿಡಬೇಡಿರಿ.

ನಾಳೆ ಮುಂಜಾನೆ ಆರರ ಬಸ್ಸಿಗೆ ಹುನಗುಂದಕ್ಕೆ ಹೋಗುತ್ತೇನೆ.

ಅಂದಪ್ಪ